ಕ್ರಿಕೆಟ್ಟಿನ ನಾಡಲ್ಲಿ ಬೇಸ್‌ಬಾಲ್ ಅಂಗಳ

ಇಪ್ಪತ್ತೈದು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್, ಎಂದರೆ ಬರೀ ಎಸೆತದಿಂದಲೇ ಔಟ್, ಮಾಡಿಯೂ ಪಂದ್ಯ ಸೋಲಬಹುದು. 2000ದ ಸೆಪ್ಟೆಂಬರಿನಲ್ಲಿ, ಸಿಡ್ನಿ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಅಂಗಳದಲ್ಲಿ ಅಮೆರಿಕದ ಎಸೆತಗಾರ್ತಿ ಲೀಸಾ ಫರ್ನಾಂಡಿಸ್‌ಗೆ ಆದದ್ದು ಅದೇ. ಹದಿಮೂರನೇ ಇನ್ನಿಂಗ್ಸ್‌ನಲ್ಲಿ ಆಸ್ಟ್ರೇಲಿಯಾದ ಪೀಟಾ ಎಡೆಬೋನ್ ಬಾರಿಸಿದ ಚೆಂಡು ಬೇಲಿ ದಾಟಿತು, ಆತಿಥೇಯರು 2-1ರಲ್ಲಿ ಗೆದ್ದರು. ಕೊನೆಗೆ ಚಿನ್ನ ಅಮೆರಿಕಕ್ಕೇ ಹೋಯಿತು, ಆಸ್ಟ್ರೇಲಿಯಾ ಕಂಚಿಗೆ ತೃಪ್ತಿಪಟ್ಟಿತು. ಆದರೂ ಸಾಫ್ಟ್‌ಬಾಲ್ ಮಂದಿ ಇವತ್ತಿಗೂ ಆ ಹೊಡೆತವನ್ನು ಮರೆತಿಲ್ಲ.

ಆ ಪಂದ್ಯ ನಡೆದದ್ದು ಸಿಡ್ನಿಯ ನಗರಮಧ್ಯದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ರೂಟಿ ಹಿಲ್‌ನಲ್ಲಿ. ಆ ಜಾಗದ ಈಗಿನ ಹೆಸರು ಬ್ಲ್ಯಾಕ್‌ಟೌನ್ ಇಂಟರ್‌ನ್ಯಾಷನಲ್ ಸ್ಪೋರ್ಟ್ಸ್‌ಪಾರ್ಕ್. ಒಲಿಂಪಿಕ್ಸ್ ಮುಗಿದ ಮೇಲೂ ಬೇಸ್‌ಬಾಲ್, ಸಾಫ್ಟ್‌ಬಾಲ್ ಇಲ್ಲಿ ಉಳಿದುಕೊಂಡವು. ಬೇಸ್‌ಬಾಲ್ ಫೈನಲ್ ನಡೆದ ಅಂಗಳಕ್ಕೆ ಸಿಗಲಿಲ್ಲ ಆ ಭಾಗ್ಯ. ಬೆನ್ ಶೀಟ್ಸ್ ಕ್ಯೂಬಾಕ್ಕೆ ಒಂದು ರನ್ನೂ ಕೊಡದೆ ಅಮೆರಿಕಕ್ಕೆ 4-0 ಗೆಲುವು ತಂದುಕೊಟ್ಟ ಹೋಮ್‌ಬುಷ್‌ನ ಕ್ರೀಡಾಂಗಣ ಈಗ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡವೊಂದರ ತವರು. ಊರ ಹೊರಗಿದ್ದ ಬ್ಲ್ಯಾಕ್‌ಟೌನ್‌ಗೆ ಆ ದೂರವೇ ವರವಾಯಿತೋ ಏನೋ. ಸಿಡ್ನಿ ಬ್ಲೂ ಸಾಕ್ಸ್ ತಂಡ ಆಡುವುದು ಇಲ್ಲೇ. ಮಕ್ಕಳ ಟೂರ್ನಿಗಳು ಬಂದಿಳಿಯುವುದೂ ಇಲ್ಲಿಗೇ.

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ಟೂರ್ನಿ ಎಂದರೆ ದೊಡ್ಡ ಖಾಸಗಿ ವ್ಯವಹಾರ. ನ್ಯೂಯಾರ್ಕ್ ರಾಜ್ಯದಲ್ಲಿ 1996ರಲ್ಲಿ ಶುರುವಾದ ಕೂಪರ್ಸ್‌ಟೌನ್ ಡ್ರೀಮ್ಸ್ ಪಾರ್ಕ್ ಇದಕ್ಕೆ ಹೆಸರುವಾಸಿ. ಸಾಲುಸಾಲು ಅಂಗಳ, ಮಕ್ಕಳು ಉಳಿಯಲು ಅಲ್ಲೇ ವಸತಿ, ಬೇಸಿಗೆಯುದ್ದಕ್ಕೂ ವಾರಕ್ಕೊಂದು ಟೂರ್ನಿ. ತಂಡ ಶುಲ್ಕ ಕಟ್ಟುತ್ತದೆ, ಅಪ್ಪ-ಅಮ್ಮ ರಜೆ ಹಾಕಿ ಬೆನ್ನಿಗೆ ಹೊರಡುತ್ತಾರೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಆ ಮಾದರಿ ಬೇರು ಬಿಟ್ಟಿಲ್ಲ. ಇಲ್ಲಿ ಸಾಮಾನ್ಯವಾಗಿ ನೆಲ ಕೌನ್ಸಿಲ್‌ನದು, ಎಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಸಂಸ್ಥೆಯದು. ಆಟ ನಡೆಸುವುದು ಕ್ಲಬ್ಬು, ಮೈ ಬಗ್ಗಿಸುವುದು ತಂದೆ-ತಾಯಿ. ಖಾಸಗಿ ಕೈ ಕಾಣುವುದು ಬಲೆ ಕಟ್ಟಿದ ಬ್ಯಾಟಿಂಗ್ ಕೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಹೇಳಿಕೊಡುವ ತರಬೇತುದಾರರಲ್ಲಿ, ಅಮೆರಿಕದ ಕಾಲೇಜು ಸೇರಿಸುವ ಮಧ್ಯವರ್ತಿಗಳಲ್ಲಿ. ವೈಭವದಲ್ಲಿ ಇಲ್ಲಿನ ಏರ್ಪಾಡು ಅಮೆರಿಕದ ಹತ್ತಿರಕ್ಕೂ ಸುಳಿಯದು. ಆದರೆ ಹತ್ತು ವರ್ಷದ ಮಗು ಆಟ ಕಲಿಯುವುದಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ, ಮನೆಯವರ ಜೇಬಿಗೂ ಅಷ್ಟು ಭಾರವಲ್ಲ.

ಟೂರ್ನಿಯ ದಿನ ಬೆಳಗಾಗುತ್ತಲೇ ಕೆಲಸ ಶುರುವಾಗುತ್ತದೆ. ಒಬ್ಬರು ಕೆಂಪು ಜೇಡಿಯ ಮೇಲೆ ಜಾಲರಿ ಎಳೆದು ನೆಲ ಸಮ ಮಾಡುತ್ತಾರೆ, ಇನ್ನೊಬ್ಬರು ಪುಟ್ಟ ಗಾಡಿ ತಳ್ಳುತ್ತಾ ಸುಣ್ಣದ ಗೆರೆ ಬಿಡುತ್ತಾರೆ. ಅಳತೆ ತಪ್ಪಿದರೆ ಆಟವೇ ಕೆಡುತ್ತದೆ. ದೊಡ್ಡವರ ಬೇಸ್‌ಬಾಲ್‌ನಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 27.43 ಮೀಟರ್, ಚೆಂಡೆಸೆಯುವ ಪಿಚರ್ ನಿಲ್ಲುವುದು ಹೋಮ್ ಪ್ಲೇಟ್‌ನಿಂದ 18.44 ಮೀಟರ್ ದೂರದಲ್ಲಿ. ಹನ್ನೆರಡರವರೆಗಿನ ಮಕ್ಕಳ ಲಿಟಲ್ ಲೀಗ್‌ನಲ್ಲಿ ಅದೇ ಅಳತೆ 18.29 ಮೀಟರ್ ಮತ್ತು 14.02 ಮೀಟರ್‌ಗೆ ಇಳಿಯುತ್ತದೆ. ಮಹಿಳಾ ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಇನ್ನೂ ಹತ್ತಿರ, 13.11 ಮೀಟರ್. ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಬಿಡುವ ಆ ಚೆಂಡನ್ನು ‘ಸಾಫ್ಟ್’ ಎಂದು ಕರೆದವರು ಅದನ್ನು ಬರಿಗೈಯಲ್ಲಿ ಹಿಡಿದಿರಲಿಕ್ಕಿಲ್ಲ.

ಮೈದಾನದ ಅಂಚಿನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತ ತಾಯಿಯೊಬ್ಬರ ಕೈಯಲ್ಲಿ ಕೌಂಟರ್. ಪ್ರತಿ ಎಸೆತಕ್ಕೂ ಒಂದು ಒತ್ತು. ಇದು ಹವ್ಯಾಸದ ಲೆಕ್ಕವಲ್ಲ, ನಿಯಮ. ಲಿಟಲ್ ಲೀಗ್‌ನಲ್ಲಿ 9-10 ವರ್ಷದ ಪಿಚರ್ ದಿನಕ್ಕೆ 75 ಎಸೆತ ದಾಟುವಂತಿಲ್ಲ, 11-12ರವರಿಗೆ ಮಿತಿ 85. 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ಕೈಗೆ ರಜೆ. ಹಾಗಾಗಿ ಶನಿವಾರ ಮಿಂಚಿದ ಹುಡುಗ ಭಾನುವಾರದ ಫೈನಲ್‌ನಲ್ಲಿ ಬೇಲಿ ಬಳಿ ಕ್ಯಾಚಿಗೆ ಕಾಯುತ್ತಾ ನಿಂತಿರುತ್ತಾನೆ. ಕೋಚ್‌ಗಳ ಚಾಣಾಕ್ಷತನವೆಲ್ಲ ಈ ಅಂಕಗಣಿತದಲ್ಲೇ ಇದೆ. ಯಾರನ್ನು ಯಾವ ಪಂದ್ಯಕ್ಕೆ ಉಳಿಸಿಕೊಳ್ಳುವುದು, 35ನೇ ಎಸೆತಕ್ಕೆ ನಿಲ್ಲಿಸಿದರೆ ಒಂದೇ ದಿನದ ವಿಶ್ರಾಂತಿ ಸಾಕಲ್ಲ ಎಂದೆಲ್ಲ ಲೆಕ್ಕ ಹಾಕುತ್ತಾರೆ. ನಮ್ಮೂರ ಕ್ರಿಕೆಟ್ ಶಿಬಿರಗಳಲ್ಲಿ ಹನ್ನೆರಡು ವರ್ಷದ ವೇಗದ ಬೌಲರುಗಳನ್ನು ಬೆಳಗಿನಿಂದ ಸಂಜೆವರೆಗೆ ದುಡಿಸುವವರು ಇದನ್ನೊಮ್ಮೆ ನೋಡಬೇಕು.

ಅಮೆರಿಕದ ಈ ಆಟ ಆಸ್ಟ್ರೇಲಿಯಾಕ್ಕೆ ಬಂದದ್ದಕ್ಕೂ ವ್ಯಾಪಾರಕ್ಕೂ ನಂಟಿದೆ. ಕ್ರೀಡಾ ಸಾಮಗ್ರಿ ಮಾರುತ್ತಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ 1888ರ ಡಿಸೆಂಬರಿನಲ್ಲಿ ಎರಡು ತಂಡಗಳನ್ನು ಹಡಗು ಹತ್ತಿಸಿ ಕರೆತಂದು ಸಿಡ್ನಿ, ಮೆಲ್ಬರ್ನ್‌ಗಳ ಕ್ರಿಕೆಟ್ ಮೈದಾನಗಳಲ್ಲೇ ಆಡಿಸಿದ. ಅವನ ಜೊತೆ ಬಂದಿದ್ದ ಹ್ಯಾರಿ ಸಿಂಪ್ಸನ್ ಆಟ ಹರಡಲೆಂದು ಇಲ್ಲೇ ಉಳಿದ. ಅಂತರರಾಜ್ಯ ಕ್ಲಾಕ್ಸ್‌ಟನ್ ಶೀಲ್ಡ್ ಪಂದ್ಯಾವಳಿ 1934ರಲ್ಲಿ ಆರಂಭವಾಯಿತು. ಬಹುಕಾಲ ಬೇಸ್‌ಬಾಲ್ ಇಲ್ಲಿ ಚಳಿಗಾಲದ ಆಟವಾಗಿತ್ತು, ಬೇಸಿಗೆಯ ಕ್ರಿಕೆಟಿಗರು ಕೈಕಾಲು ಚುರುಕಾಗಿಡಲು ಆಡುತ್ತಿದ್ದರು. ಮೆಲ್ಬರ್ನ್‌ನ ನೀಲ್ ಹಾರ್ವೆ ಬೇಸ್‌ಬಾಲ್‌ನಲ್ಲೂ ಪಳಗಿದ ಕೈ. ಇಯಾನ್ ಚಾಪೆಲ್ ದಕ್ಷಿಣ ಆಸ್ಟ್ರೇಲಿಯಾ ಪರ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವರು. ನಾರ್ಮ್ ಓನೀಲ್‌ರನ್ನಂತೂ ನ್ಯೂಯಾರ್ಕ್ ಯಾಂಕೀಸ್ ಕರೆದಿತ್ತು, ಅವರು ಕ್ರಿಕೆಟ್ಟೇ ಇರಲಿ ಎಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅಲ್ಲಿನ ಕ್ರಿಕೆಟ್ ಮೈದಾನದಲ್ಲಿ ಪ್ರದರ್ಶನ ಪಂದ್ಯವೊಂದು ನಡೆದು ಅಮೆರಿಕದ ಸೈನಿಕರ ತಂಡ 11-5ರಲ್ಲಿ ಗೆದ್ದಿತು. ಆಟ ಮುಗಿಯುವ ಹೊತ್ತಿಗೆ ಪ್ರೇಕ್ಷಕರು ಲಕ್ಷ ದಾಟಿದ್ದರು ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಬಂದದ್ದು ಅಥ್ಲೆಟಿಕ್ಸ್ ನೋಡಲು ಎಂಬುದನ್ನು ಬೇಸ್‌ಬಾಲ್ ಮಂದಿ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಸಾಫ್ಟ್‌ಬಾಲ್‌ಗೆ ಮೆಲ್ಬರ್ನ್‌ನ ಮೇಲೆ ಹಕ್ಕು ಹೆಚ್ಚು. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1965ರಲ್ಲಿ ನಡೆದದ್ದು ಈ ನಗರದಲ್ಲಿ. ಬಂದದ್ದು ಐದೇ ತಂಡ. ಫೈನಲ್‌ನಲ್ಲಿ ಅಮೆರಿಕವನ್ನು 1-0ರಿಂದ ಸೋಲಿಸಿ ಆಸ್ಟ್ರೇಲಿಯಾ ಕಪ್ ಎತ್ತಿತು. 1996ರಿಂದ 2008ರವರೆಗಿನ ನಾಲ್ಕೂ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಸಾಫ್ಟ್‌ಬಾಲ್ ಮಹಿಳೆಯರು ಪದಕ ಗೆದ್ದಿದ್ದಾರೆ. ನಗರದ ನೈಋತ್ಯಕ್ಕಿರುವ ಆಲ್ಟೋನಾದಲ್ಲಿ ಮೆಲ್ಬರ್ನ್ ಬಾಲ್‌ಪಾರ್ಕ್ ಇದೆ, ಮೆಲ್ಬರ್ನ್ ಏಸಸ್ ತಂಡದ ಮನೆಯಾಗಿತ್ತು ಅದು. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಮುಂದೆ ಹೋದರೆ ಭಾರತೀಯ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಪಾಯಿಂಟ್ ಕುಕ್, ಟಾರ್ನೀಟ್ ಬಡಾವಣೆಗಳು. ಸಿಡ್ನಿಯಲ್ಲೂ ಕಥೆ ಅದೇ. ಬ್ಲ್ಯಾಕ್‌ಟೌನ್ ಸುತ್ತಮುತ್ತ ದೋಸೆ ಹಿಟ್ಟಿನ ಪ್ಯಾಕೆಟ್ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆದರೆ ಆ ಮನೆಗಳ ಮಕ್ಕಳಲ್ಲಿ ಹೆಚ್ಚಿನವರ ಕಿಟ್ ಬ್ಯಾಗಿನಲ್ಲಿರುವುದು ಕ್ರಿಕೆಟ್ ಬ್ಯಾಟು.

ಕ್ರಿಕೆಟ್ ಕಲಿತ ಕೈ ಬೇಸ್‌ಬಾಲ್‌ಗೆ ಅಡ್ಡಿಯಲ್ಲ ಎಂಬುದಕ್ಕೆ ಈಗ ದೊಡ್ಡ ಸಾಕ್ಷಿಯೇ ಇದೆ. ಸಿಡ್ನಿಯ ಹುಡುಗ ಟ್ರಾವಿಸ್ ಬಝಾನಾ ಚಿಕ್ಕಂದಿನಲ್ಲಿ ಎರಡೂ ಆಡಿದವನು, ಹದಿಹರೆಯದಲ್ಲೇ ಬ್ಲೂ ಸಾಕ್ಸ್ ಅಂಗಿ ತೊಟ್ಟವನು. 2024ರಲ್ಲಿ, ಅಮೆರಿಕದ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಮೇಜರ್ ಲೀಗ್ ಡ್ರಾಫ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ಅವನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಯಾವ ಆಸ್ಟ್ರೇಲಿಯನ್‌ಗೂ ಅದಕ್ಕೆ ಮುಂಚೆ ಆ ಸ್ಥಾನ ಸಿಕ್ಕಿರಲಿಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ಮಾರ್ಚಿನಲ್ಲಿ, ಸಿಡ್ನಿ ಕ್ರಿಕೆಟ್ ಮೈದಾನಕ್ಕೆ ಕ್ಯಾಲಿಫೋರ್ನಿಯಾದ ಜೇಡಿಮಣ್ಣು ತಂದು ಸುರಿದು ಡಾಡ್ಜರ್ಸ್ ಮತ್ತು ಡೈಮಂಡ್‌ಬ್ಯಾಕ್ಸ್ ತಂಡಗಳ ಋತುವಿನ ಮೊದಲ ಪಂದ್ಯಗಳನ್ನು ಆಡಿಸಲಾಗಿತ್ತು. ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ 2013ರಿಂದ ಆಸ್ಟ್ರೇಲಿಯಾಕ್ಕೆ ನೇರ ಪ್ರವೇಶವಿದೆ. ಸಿಡ್ನಿಯ ಕ್ರೊನುಲ್ಲಾ, ಹಿಲ್ಸ್ ಲೀಗ್‌ಗಳ ಮಕ್ಕಳು ಆ ಸರಣಿ ನಡೆಯುವ ಪೆನ್ಸಿಲ್ವೇನಿಯಾದವರೆಗೂ ಹೋಗಿ ಆಡಿ ಬಂದಿದ್ದಾರೆ.

ಭಾರತದ ಹೆಸರೂ ಈ ಕಥೆಯಲ್ಲಿ ಒಂದು ಕಡೆ ಹಾದುಹೋಗುತ್ತದೆ. ಟಿ.ವಿ. ಸ್ಪರ್ಧೆಯೊಂದರಲ್ಲಿ ಗೆದ್ದು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಉತ್ತರಪ್ರದೇಶದ ಜಾವೆಲಿನ್ ಪಟು ರಿಂಕು ಸಿಂಗ್, 2010ರಲ್ಲಿ ಮರುಹುಟ್ಟು ಪಡೆದ ಆಸ್ಟ್ರೇಲಿಯನ್ ಬೇಸ್‌ಬಾಲ್ ಲೀಗ್‌ನಲ್ಲೂ ಚೆಂಡೆಸೆದಿದ್ದಾನೆ. ಕನ್ನಡದ ಮನೆಗಳಿಂದ ಅಂಥ ಹೆಸರು ಬರಲು ಅವಸರವೇನಿಲ್ಲ. ಐದಾರು ವರ್ಷದ ಮಕ್ಕಳಿಗೆ ಕ್ಲಬ್ಬುಗಳಲ್ಲಿ ಟೀ-ಬಾಲ್ ಇದೆ. ರಬ್ಬರ್ ಕಂಬದ ಮೇಲೆ ಕೂರಿಸಿದ ಚೆಂಡನ್ನು ಹೊಡೆದು ಓಡುವುದಷ್ಟೇ, ಎಸೆಯುವವರೇ ಇಲ್ಲ. ಹೆಲ್ಮೆಟ್, ಬ್ಯಾಟು ಸಾಮಾನ್ಯವಾಗಿ ತಂಡದ ಚೀಲದಲ್ಲೇ ಸಿಗುತ್ತವೆ, ಗ್ಲೌಸು ಮಾತ್ರ ಮನೆಯಿಂದ ಬಂದರೆ ಒಳ್ಳೆಯದು. ಹೆಸರು ಬರೆಸಲು ಹೋದ ಅಪ್ಪ-ಅಮ್ಮಂದಿರು ಇನ್ನೊಂದಕ್ಕೂ ಸಿದ್ಧರಿರಬೇಕು: ಸ್ಕೋರ್ ಬರೆಯುವಿರಾ, ಕ್ಯಾಂಟೀನಿನಲ್ಲಿ ಸಾಸೇಜ್ ಸುಡುವಿರಾ, ಇಲ್ಲ ಬೆಳಗ್ಗೆ ಬಂದು ಸುಣ್ಣದ ಗೆರೆ ಎಳೆಯುವಿರಾ ಎಂದು ಕ್ಲಬ್ಬಿನವರು ಅಲ್ಲೇ ಕೇಳಿಬಿಡುತ್ತಾರೆ.