ಒಣಬಟ್ಟೆ ಮತ್ತು ಕಾರಿನ ಬಣ್ಣ

ಜಯನಗರ, ಬನಶಂಕರಿಯ ಬೀದಿಗಳಲ್ಲಿ ಬೆಳಗಾದರೆ ಕಾರುಗಳನ್ನು ಒಣಬಟ್ಟೆಯಿಂದ ಒರೆಸುವುದನ್ನು ಕಾಣುತ್ತೇವೆ. ಧೂಳೇನೋ ಹೋಗುತ್ತದೆ. ಆದರೆ ಬಿಸಿಲಿನಲ್ಲಿ ನೋಡಿದರೆ ಬಣ್ಣದ ಮೇಲೆ ಜೇಡರ ಬಲೆಯಂತೆ ಸಣ್ಣ ಗೀರುಗಳು. ಇದಕ್ಕೆ ಕಾರಣವೇನು?

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಇಂತಹ ಶಿಲೆಯಲ್ಲಿರುವ ಬೆಣಚು ಎಂಬ ಖನಿಜ ನಮ್ಮ ಮಣ್ಣು, ಮರಳು, ಧೂಳಿನಲ್ಲೂ ಬೆರೆತಿದೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7. ಸಾಮಾನ್ಯ ಗಾಜಿನದು ಸುಮಾರು 5.5. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಲೇಪವಂತೂ ಗಾಜಿಗಿಂತಲೂ ಮೃದು. ಹೀಗಾಗಿ ಧೂಳು ಹಿಡಿದ ಬಟ್ಟೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಆದ್ದರಿಂದ ಮೊದಲು ಮಗ್ಗಿನಿಂದ ನೀರು ಸುರಿದು ಧೂಳನ್ನು ಇಳಿಸಬೇಕು. ಇದಕ್ಕೆ ನಲ್ಲಿ ನೀರು ಬೇಡ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಉಂಟಾದಾಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಸಂಗ್ರಹಿಸಿದ ಮಳೆನೀರೇ ಸಾಕು. ಒಂದು ಬಕೆಟ್‌ನಲ್ಲಿ ಕಾರಿನ ಶಾಂಪೂ ಬೆರೆಸಿ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರಿಟ್ಟು, ನೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ಹಗುರವಾಗಿ ಒರೆಸಿ.

ಹಕ್ಕಿಯ ಹಿಕ್ಕೆ ಬಣ್ಣವನ್ನು ತಿನ್ನುತ್ತದೆ. ಅದನ್ನು ನೆನೆಸಿ ಬೇಗ ತೆಗೆಯಿರಿ. ನೀರು ಸಾಲದ ದಿನ ಒಣ ಧೂಳು ಇದ್ದಲ್ಲೇ ಇರಲಿ. ಬಣ್ಣ ಕೆಡುವುದು ಧೂಳು ಕೂತದ್ದರಿಂದಲ್ಲ, ಅದನ್ನು ಉಜ್ಜಿದ್ದರಿಂದ.