ಬಿದರಿಯ ಕಪ್ಪು ಎಲ್ಲಿಂದ ಬರುತ್ತದೆ

ಪದಾರ್ಥದ ಆಕಾರ, ಗಾತ್ರ, ಸ್ಥಿತಿ ಬದಲಾದರೂ ಪದಾರ್ಥ ಅದೇ ಆಗಿ ಉಳಿದರೆ ಅದು ಭೌತ ಬದಲಾವಣೆ. ಇದ್ದದ್ದು ಹೋಗಿ ಬೇರೆ ಗುಣದ ಹೊಸ ಪದಾರ್ಥ ಹುಟ್ಟಿದರೆ ರಾಸಾಯನಿಕ ಬದಲಾವಣೆ. ಬೀದರ್ ನಗರದ ಬಿದರಿ ಹೂಜಿಯೊಂದು ತಯಾರಾಗುವಷ್ಟರಲ್ಲಿ ಇವೆರಡೂ ಹಲವು ಸಲ ನಡೆದಿರುತ್ತವೆ.

ಕೆಲಸ ಶುರುವಾಗುವುದು ಮೂಸೆಯಲ್ಲಿ. ಬಿದರಿ ಲೋಹದಲ್ಲಿ ಬಹುಪಾಲು ಸತು. ರೂಢಿಯ ಲೆಕ್ಕದಲ್ಲಿ ಅದರ 16 ಪಾಲಿಗೆ ತಾಮ್ರ 1 ಪಾಲು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಾಮ್ರಕ್ಕೆ 1,085 ಡಿಗ್ರಿ ಬೇಕು, ಆದರೆ ಕರಗಿದ ಸತುವಿನೊಳಗೆ ಅದು ಇನ್ನೂ ಕಡಿಮೆ ಶಾಖದಲ್ಲೇ ಲೀನವಾಗುತ್ತದೆ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿಗೆ ಈ ರಸವನ್ನು ಸುರಿದರೆ ಗಟ್ಟಿಯಾಗುತ್ತದೆ. ಕರಗುವುದು, ಗಟ್ಟಿಯಾಗುವುದು ಎರಡೂ ಭೌತ. ಬೆರೆಯುವುದನ್ನು ಮಾತ್ರ ಅಷ್ಟು ಸಲೀಸಾಗಿ ಹೇಳಲಾಗದು: ತಣಿಯುವಾಗ ಸತು, ತಾಮ್ರ ಎರಡೂ ಸೇರಿ ತಮ್ಮದೇ ರಚನೆಯ ಹರಳುಗಳಾಗುವುದೂ ಉಂಟು. ಮಿಶ್ರಲೋಹವೆಂದರೆ ಬರೀ ಮಿಶ್ರಣ ಎಂಬ ಮಾತು ಅರ್ಧ ನಿಜ.

ಎರಕದ ಮೈಯನ್ನು ಅರದಿಂದ ಉಜ್ಜಿದಾಗ ಉದುರುವ ಪುಡಿಯೂ ಅದೇ ಲೋಹವೇ. ಆ ಪುಡಿಯನ್ನು ಮರಳಿ ಹೂಜಿಗೆ ಅಂಟಿಸಲಾಗದು. ಔರಾದ್‌ನ ಹೊಲದ ತೊಗರಿ ಒಡೆದು ಬೇಳೆಯಾದರೆ ಮತ್ತೆ ಕಾಳಾಗುವುದಿಲ್ಲ. ಆದರೂ ಅದು ತೊಗರಿಯೇ. ಹಿಂದಿನಂತೆ ಮಾಡಲಾಗದ ಬದಲಾವಣೆಯೆಲ್ಲ ರಾಸಾಯನಿಕವೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅದಕ್ಕೇ ತಪ್ಪು.

ಉಜ್ಜಿದ ಲೋಹ ಬೆಳ್ಳಗೆ ಹೊಳೆಯುತ್ತದೆ, ಅದರ ಮೇಲೆ ಗೆರೆ ಕಾಣುವುದಿಲ್ಲ. ಅದಕ್ಕಾಗಿ ತಾಮ್ರದ ಲವಣವಾದ ಮೈಲುತುತ್ತದ ನೀರು ಸವರುತ್ತಾರೆ. ನೋಡುತ್ತಿದ್ದಂತೆ ಮೈ ಕಪ್ಪಾಗುತ್ತದೆ. ಬಣ್ಣ ಬಳಿದಂತೆ ಕಂಡರೂ ಇಲ್ಲಿ ಯಾವ ಬಣ್ಣವೂ ಇಲ್ಲ. ಸತು ನೀರಿಗಿಳಿದು, ನೀರಿನಲ್ಲಿದ್ದ ತಾಮ್ರವನ್ನು ಹೊರಗೆ ತಳ್ಳುತ್ತದೆ. ಹೊರಬಿದ್ದ ತಾಮ್ರ ತೀರಾ ಸಣ್ಣ ಕಣಗಳಾಗಿ ಮೇಲೆ ಕೂರುವುದರಿಂದ ಕೆಂಪಗಿರದೆ ಕಪ್ಪಗೆ ಕಾಣುತ್ತದೆ. ಇದು ರಾಸಾಯನಿಕ. ಈ ಕಪ್ಪಿನ ಮೇಲೆ ಉಳಿಯಿಂದ ಬಳ್ಳಿ, ಹೂವು ಕೆತ್ತಿ, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸುವುದು ಪುನಃ ಭೌತ. ಕೆತ್ತನೆ ಮುಗಿದ ಮೇಲೆ ಮೊದಲ ಕಪ್ಪನ್ನೆಲ್ಲ ಉಜ್ಜಿ ತೆಗೆಯುತ್ತಾರೆ.

ಬಿದರಿಯ ನಿಜವಾದ ಕಪ್ಪು ಹುಟ್ಟುವುದು ಕೊನೆಗೆ. ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪ ಹಚ್ಚುತ್ತಾರೆ. ಲೇಪದ ಉಪ್ಪುಗಳು ಮೇಲ್ಮೈಯ ಸತುವನ್ನು ಕೊರೆದು, ತಾಮ್ರ ಹೆಚ್ಚಿರುವ ತೆಳು ಕಪ್ಪು ಪದರವನ್ನು ಉಳಿಸುತ್ತವೆ. ಆ ಚೂರು ತಾಮ್ರಕ್ಕೆ ಇಷ್ಟು ಬೆಲೆ ಇರುವುದು ಇದರಿಂದಲೇ: ಬರೀ ಸತುವಿಗೆ ಈ ಕಪ್ಪು ಬರುವುದಿಲ್ಲ. ಬೆಳ್ಳಿ ಸತುವಿನಷ್ಟು ಚುರುಕಾದ ಲೋಹವಲ್ಲ. ಅದೇ ಲೇಪದಡಿಯಿಂದ ಬೆಳ್ಳಗೇ ಹೊರಬರುತ್ತದೆ.

ಕೆಲವೊಮ್ಮೆ ಒಂದೇ ಒಲೆಯ ಮೇಲೆ ಎರಡೂ ಬಗೆಯ ಬದಲಾವಣೆ ಜೊತೆಗೆ ನಡೆಯುತ್ತವೆ. ಭಾಲ್ಕಿಯ ಕಡೆ ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವಾಗ ನೀರು ಆವಿಯಾಗುವುದು ಭೌತ. ಪಾಕ ಕಂದಾಗಿ ಘಮ ಎದ್ದರೆ ಸಕ್ಕರೆ ಒಡೆದು ಹೊಸ ಪದಾರ್ಥಗಳು ಹುಟ್ಟಿವೆಯೆಂದು ಅರ್ಥ.

ಮನೆಯಲ್ಲಿಟ್ಟ ಬಿದರಿಯ ಬೆಳ್ಳಿ ಕ್ರಮೇಣ ಮಂಕಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಬೆಳ್ಳಿಯ ಸಲ್ಫೈಡ್ ಆಗಿರುತ್ತದೆ. ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಆ ಪದರ ಕಳಚಿ ಹೊಳಪು ಮರಳುತ್ತದೆ, ಆದರೆ ಪ್ರತಿ ಸಲವೂ ಕೂದಲೆಳೆಗಿಂತ ತೆಳುವಾದ ಒಂದಿಷ್ಟು ಬೆಳ್ಳಿ ಬಟ್ಟೆಯ ಪಾಲಾಗುತ್ತದೆ.