ವೈಸರಾಯರ ಬಿಡಾರ, ಜನರ ಹೋಟೆಲು

ಚಾಮುಂಡಿ ಬೆಟ್ಟದ ಮೇಲೆ ನಿಂತು ಮೈಸೂರನ್ನು ನೋಡುವವರಿಗೆ, ತಪ್ಪಲಿನ ಸಮೀಪ ಹಸುರಿನ ನಡುವೆ ಗುಮ್ಮಟ ಹೊತ್ತ ಬೆಳ್ಳಗಿನ ಸೌಧವೊಂದು ಕಾಣುತ್ತದೆ. ಅದೇ ಲಲಿತಮಹಲು. ಅರಮನೆಯೆಂದು ಹೆಸರಾದರೂ ಮಹಾರಾಜರು ಅದನ್ನು ಕಟ್ಟಿಸಿದ್ದು ತಮ್ಮ ವಾಸಕ್ಕಲ್ಲ, ಅತಿಥಿಗಳಿಗಾಗಿ.

ಅರಸರಿಗೆ ಸ್ಥಳದ ಅಭಾವವಿತ್ತೆಂದು ವಾಚಕರು ಭಾವಿಸಬೇಕಾಗಿಲ್ಲ. ಊರ ನಡುವಿನ ಅಂಬಾವಿಲಾಸ ಅರಮನೆ 1912ರಲ್ಲಿಯೇ ಪೂರ್ಣಗೊಂಡಿತ್ತು. ತೊಡಕು ಇದ್ದುದು ಊಟದ ವಿಷಯದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಚಾರನಿಷ್ಠರು. ಆಂಗ್ಲ ಅತಿಥಿಗಳಿಗೆ ಮಾಂಸವಿಲ್ಲದ ಊಟ ಊಟವೇ ಅಲ್ಲ. ಚಕ್ರವರ್ತಿಯ ಪ್ರತಿನಿಧಿಯನ್ನು ಸತ್ಕರಿಸದಿದ್ದರೆ ರಾಜ್ಯಕ್ಕೆ ಕ್ಷೇಮವಿಲ್ಲ, ಮನೆಯ ಮಡಿಯನ್ನು ಬಿಡಲು ಮನಸ್ಸಿಲ್ಲ. ಎರಡನ್ನೂ ಉಳಿಸಿಕೊಳ್ಳಲು ಪ್ರತ್ಯೇಕ ಬಿಡಾರವೇ ದಾರಿಯಾಯಿತೆಂದು ಮೈಸೂರಿನಲ್ಲಿ ಹೇಳುವುದುಂಟು.

ಬ್ರಿಟಿಷ್ ಅತಿಥಿಗಳಿಗೆಂದು ಮಹಾರಾಜರು 1920ರಲ್ಲಿ ಕಟ್ಟಿಸಿದ ಮೆಟ್ರೊಪೋಲ್ ಆಗಲೇ ಊರಿನೊಳಗಿತ್ತು. ವೈಸರಾಯರಿಗೆ ಅದಕ್ಕಿಂತ ಭವ್ಯವಾದುದು ಬೇಕೆನಿಸಿತು. 1921ನೆಯ ನವೆಂಬರ್ 18ರಂದು ಲಲಿತಮಹಲಿಗೆ ಅಡಿಗಲ್ಲು ಬಿದ್ದಿತು. ನಕ್ಷೆ ಮುಂಬಯಿಯ ಶಿಲ್ಪಿ ಇ. ಡಬ್ಲ್ಯು. ಫ್ರಿಚ್‌ಲಿ ಅವರದು, ಕಟ್ಟಿದವರು ಬಿ. ಮುನಿವೆಂಕಟಪ್ಪನವರು. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟವನ್ನು ನೆನಪಿಸುವ ಗುಮ್ಮಟ, ಜೋಡಿ ಕಂಬಗಳ ಸಾಲು, ಅಮೃತಶಿಲೆಯ ಸೋಪಾನ, ವಿಶಾಲವಾದ ನೃತ್ಯಶಾಲೆ ಇವೆಲ್ಲ ಮುಗಿದುದು 1931ರಲ್ಲಿ. ವೆಚ್ಚ ಸುಮಾರು 13 ಲಕ್ಷ ರೂಪಾಯಿಗಳೆಂದು ಹೇಳುತ್ತಾರೆ.

ಇಷ್ಟು ಶ್ರಮದಿಂದ ಎದ್ದ ಮನೆಗೆ ಅದರ ಅತಿಥಿಗಳು ಬಂದದ್ದು ಕೆಲವೇ ವರ್ಷ. 1940ರಲ್ಲಿ ಕರೆಯುವ ಮಹಾರಾಜರು ತೀರಿಕೊಂಡರು. 1947ರಲ್ಲಿ ಬರಬೇಕಾದ ವೈಸರಾಯರ ಪದವಿಯೇ ಇಲ್ಲವಾಯಿತು. ಆದರೆ ಇಂತಹ ಸೌಧ ಬೀಗ ಹಾಕಿದ ಮಾತ್ರಕ್ಕೆ ಉಳಿಯುವಂಥದಲ್ಲ. ಮಳೆಗಾಲಕ್ಕೊಮ್ಮೆ ಮಾಡು, ವರುಷಕ್ಕೊಮ್ಮೆ ಸುಣ್ಣಬಣ್ಣ, ದಿನವೂ ಕಸಬರಿಗೆ ಬೇಡುವ ಮನೆಗೆ ಜನರ ಓಡಾಟವೇ ಆಯುಷ್ಯ.

ಆ ಆಯುಷ್ಯ ದೊರೆತದ್ದು 1974ರಲ್ಲಿ. ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೈಯಲ್ಲಿ ಲಲಿತಮಹಲು ಹೋಟೆಲಾಯಿತು. ದೊರೆಗಳು ಕುಣಿದ ನೃತ್ಯಶಾಲೆಯಲ್ಲಿ ಊಟದ ಮೇಜುಗಳು ಬಂದವು. 2018ರಲ್ಲಿ ಅದು ರಾಜ್ಯ ಸರಕಾರಕ್ಕೆ ಹಸ್ತಾಂತರವಾಯಿತು. ಇತ್ತ ಮೆಟ್ರೊಪೋಲ್ ಕೆಲವು ಕಾಲ ಬಾಗಿಲು ಮುಚ್ಚಿಕೊಂಡಿದ್ದು, ದುರಸ್ತಿಯಾಗಿ 2004ರಲ್ಲಿ ಮತ್ತೆ ತೆರೆಯಿತು.

ಒಂದು ಕಾಲಕ್ಕೆ ಈ ಮೆಟ್ಟಿಲು ಹತ್ತಲು ಅರಮನೆಯ ಆಹ್ವಾನಪತ್ರ ಬೇಕಿತ್ತು. ಈಗ ಬೇಕಾದುದು ಬಾಡಿಗೆಯ ಹಣ ಮಾತ್ರ. ಅದೂ ಎಲ್ಲರ ಕೈಗೆ ಎಟುಕುವಂಥದಲ್ಲ, ನಿಜ. ಆದರೂ ಹುಟ್ಟನ್ನು ನೋಡದೆ, ಮತವನ್ನು ಕೇಳದೆ ಬಾಗಿಲು ತೆರೆಯುವ ಪದ್ಧತಿ ಅಲ್ಲಿ ಬಂದಿತಲ್ಲ! ವೈಸರಾಯರು ಬಿಟ್ಟುಹೋದ ಮನೆಯನ್ನು ಇಷ್ಟು ಕಾಲ ಕಾಪಾಡಿದವರು ಹೆಸರು ಬರೆದು, ಬಿಲ್ಲು ತೆತ್ತು ಹೋದ ಸಾಮಾನ್ಯ ಅತಿಥಿಗಳೇ.